ವೈರಸ್ ಸಿಕ್ಕಿತು ಎಂದರೆ ಸೋಂಕು ಹರಡುತ್ತದೆ ಎಂದೇ? ಹಕ್ಕಿಜ್ವರದ ಪ್ರಯೋಗಾಲಯ ವರದಿಗಳ ಒಳಗೆ

ಹಕ್ಕಿಜ್ವರದ ಸುದ್ದಿಗಳು ಈಚೆಗೆ ಒಂದನ್ನೊಂದು ಅಲ್ಲಗಳೆಯುವಂತೆ ಕಾಣುತ್ತಿವೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹೈನು ಹಸುಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ದೃಢಪಟ್ಟಿತು. ಮುಂದಿನ ತಿಂಗಳು, ಅಂಗಡಿಯಲ್ಲಿ ಮಾರುವ ಪಾಶ್ಚರೀಕರಿಸಿದ ಹಾಲಿನಲ್ಲೂ ಐದರಲ್ಲೊಂದು ಮಾದರಿಯಲ್ಲಿ ವೈರಸ್‌ನ ಕುರುಹು ಸಿಕ್ಕಿದೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಹೇಳಿತು. ಅದೇ ಉಸಿರಿನಲ್ಲಿ ಹಾಲು ಕುಡಿಯಲು ಸುರಕ್ಷಿತ ಎಂದೂ ಹೇಳಿತು. 2025ರ ಆರಂಭದಲ್ಲಿ ನಮ್ಮ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ರೋಗ ಕಾಣಿಸಿಕೊಂಡಾಗ ಒಂದು ಕಡೆ ಕೋಳಿಗಳನ್ನು ಕೊಂದು ಹೂಳಲಾಯಿತು, ಇನ್ನೊಂದು ಕಡೆ ಚೆನ್ನಾಗಿ ಬೇಯಿಸಿದ ಕೋಳಿ ತಿನ್ನಬಹುದು ಎಂಬ ಪ್ರಕಟಣೆಯೂ ಬಂತು. ವೈರಸ್ ಇದೆಯೆಂದರೆ ಸುರಕ್ಷಿತ ಹೇಗೆ, ಸುರಕ್ಷಿತವಾದರೆ ಕೊಲ್ಲುವುದೇಕೆ ಎಂದು ಜನ ಕೇಳಿದ್ದು ಸಹಜ.

ದಾವಣಗೆರೆಗೆ ಇದು ದೂರದ ಪ್ರಶ್ನೆಯಲ್ಲ. 2020ರ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಕೊರೊನಾ ವದಂತಿಯಿಂದ ಮೊದಲೇ ಕುಸಿದಿದ್ದ ಕೋಳಿ ಮಾರುಕಟ್ಟೆಗೆ ಅದು ಎರಡನೇ ಪೆಟ್ಟಾಯಿತು. ಕೋಳಿ ಆಹಾರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮೆಕ್ಕೆಜೋಳದ್ದೇ. ಕೋಳಿಯ ಬೇಡಿಕೆ ಬಿದ್ದರೆ ಆಹಾರ ತಯಾರಕರು ಖರೀದಿ ತಗ್ಗಿಸುತ್ತಾರೆ, ಖರೀದಿ ತಗ್ಗಿದರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದರ ಇಳಿಯುತ್ತದೆ. ಹಾಗಾಗಿ ಒಂದೇ ಒಂದು ಕೋಳಿ ಸಾಕದ ಜಗಳೂರಿನ ಮಳೆಯಾಶ್ರಿತ ರೈತನ ಜೇಬಿಗೂ ಪ್ರಯೋಗಾಲಯದ ವರದಿಯೊಂದು ಕೈ ಹಾಕುತ್ತದೆ. ಆ ವರದಿಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯದೆ ಹೆದರುವುದೂ ನಷ್ಟ, ಹೆದರದಿರುವುದೂ ನಷ್ಟ.

ಗೊಂದಲದ ಬೇರು ಒಂದೇ. ಮಾದರಿಯಲ್ಲಿ ವೈರಸ್‌ನ ಅಂಶ ಇದೆಯೇ ಎಂಬುದು ಒಂದು ಪ್ರಶ್ನೆ. ಆ ವೈರಸ್ ಇನ್ನೊಂದು ಜೀವಕೋಶದೊಳಗೆ ನುಗ್ಗಿ ಮರಿ ಹಾಕಬಲ್ಲದೇ ಎಂಬುದು ಬೇರೆಯೇ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಸುದ್ದಿಯಾಗುವಾಗ ಮಾತ್ರ ಎರಡೂ ‘ವೈರಸ್ ಪತ್ತೆ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಹೋಗುತ್ತವೆ.

ಪಿಸಿಆರ್ ಎಣಿಸುವುದು ಏನನ್ನು

ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ–ಪಿಸಿಆರ್ ಪರೀಕ್ಷೆ ವೈರಸ್‌ನ ಆನುವಂಶಿಕ ವಸ್ತುವನ್ನು ಹುಡುಕುತ್ತದೆ. ಹಕ್ಕಿಜ್ವರ ತರುವುದು ಇನ್‌ಫ್ಲುಯೆಂಜಾ, ಅಂದರೆ ಫ್ಲೂ ವೈರಸ್; ಅದರ ಆನುವಂಶಿಕ ವಸ್ತು ಆರ್‌ಎನ್‌ಎ. ಅದು ಎಂಟು ತುಂಡುಗಳಲ್ಲಿ ಇರುತ್ತದೆ. ಪರೀಕ್ಷೆ ಈ ಎಂಟರಲ್ಲಿ ಒಂದೆರಡು ತುಂಡುಗಳ ಪುಟ್ಟ ಭಾಗವನ್ನು ಗುರಿಯಾಗಿಸಿ ಅದನ್ನು ಸುತ್ತು ಸುತ್ತಾಗಿ ದ್ವಿಗುಣಗೊಳಿಸುತ್ತದೆ. ಯಂತ್ರದ ಕಣ್ಣಿಗೆ ಕಾಣುವಷ್ಟು ಆಗಲು ಎಷ್ಟು ಸುತ್ತು ಬೇಕಾಯಿತೋ ಅದೇ ಸಿಟಿ ಮೌಲ್ಯ. ಸುಮಾರು 3.3 ಸುತ್ತಿನ ವ್ಯತ್ಯಾಸ ಎಂದರೆ ಹತ್ತು ಪಟ್ಟು ವ್ಯತ್ಯಾಸ. ಸಿಟಿ 20 ಬಂದ ಮಾದರಿಯಲ್ಲಿ, ಸಿಟಿ 30 ಬಂದ ಮಾದರಿಗಿಂತ ಹೆಚ್ಚುಕಡಿಮೆ ಸಾವಿರ ಪಟ್ಟು ಹೆಚ್ಚು ಆರ್‌ಎನ್‌ಎ ಇರುತ್ತದೆ.

ಈ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ಬಹಳ ಸೂಕ್ಷ್ಮ, ಎಚ್5 ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುತ್ತದೆ. ಅದರ ಮಿತಿ ಬೇರೆ ಕಡೆ ಇದೆ. ಬಿಸಿ ತಾಗಿ, ಸೋಪು ತಾಗಿ, ಬಿಸಿಲಿಗೆ ಒಣಗಿ ನಿಷ್ಕ್ರಿಯವಾದ ವೈರಸ್‌ನಲ್ಲೂ ಆ ಪುಟ್ಟ ಆರ್‌ಎನ್‌ಎ ಭಾಗ ಉಳಿದಿದ್ದರೆ ಯಂತ್ರ ಪಾಸಿಟಿವ್ ಎನ್ನುತ್ತದೆ. ಬಿತ್ತನೆ ಮೆಕ್ಕೆಜೋಳದ ಚೀಲದಲ್ಲಿ ಕಾಳು ಎಣಿಸುವುದಕ್ಕೂ ನೂರು ಕಾಳನ್ನು ಒದ್ದೆ ಗೋಣಿಯಲ್ಲಿಟ್ಟು ಎಷ್ಟು ಮೊಳೆತವು ಎಂದು ನೋಡುವುದಕ್ಕೂ ಇರುವ ವ್ಯತ್ಯಾಸ ಇದೇ. ಪಿಸಿಆರ್ ಕಾಳು ಎಣಿಸುತ್ತದೆ. ಮೊಳಕೆ ನೋಡಬೇಕಾದರೆ ವೈರಸ್‌ಗೆ ಬೆಳೆಯಲು ಜೀವಂತ ಕೋಶಗಳನ್ನು ಕೊಡಲೇಬೇಕು.

ಕೆಂಪು ರಕ್ತಕಣದ ಪರೀಕ್ಷೆ

1941ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿ ಒಂದು ಸಂಗತಿ ಗಮನಿಸಿದರು. ಫ್ಲೂ ವೈರಸ್ ಇರುವ ದ್ರವಕ್ಕೆ ಕೋಳಿಯ ಕೆಂಪು ರಕ್ತಕಣ ಸೇರಿದರೆ ಕಣಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ವೈರಸ್‌ನ ಹೊರಮೈಯಲ್ಲಿರುವ ಹಿಮಾಗ್ಲುಟಿನಿನ್ ಎಂಬ ಪ್ರೋಟೀನ್ ಇದಕ್ಕೆ ಕಾರಣ. ಎಚ್5, ಎಚ್3 ಎನ್ನುವಾಗಿನ ‘ಎಚ್’ ಅದೇ. ಪರೀಕ್ಷೆಯ ತಟ್ಟೆಯಲ್ಲಿ ಮಾದರಿಯನ್ನು ಎರಡೆರಡು ಪಟ್ಟು ತೆಳುಗೊಳಿಸುತ್ತ ಹೋಗಿ ರಕ್ತಕಣ ಸೇರಿಸುತ್ತಾರೆ. ವೈರಸ್ ಸಾಕಷ್ಟಿಲ್ಲದ ಗುಳಿಯಲ್ಲಿ ಕಣಗಳು ತಳದಲ್ಲಿ ಕೆಂಪು ಚುಕ್ಕೆಯಾಗಿ ಕೂರುತ್ತವೆ, ಇರುವ ಗುಳಿಯಲ್ಲಿ ತಳದ ತುಂಬ ಹರಡಿಕೊಳ್ಳುತ್ತವೆ. ಎಷ್ಟು ಪಟ್ಟು ತೆಳುಗೊಳಿಸುವವರೆಗೆ ಹರಡುವಿಕೆ ಕಂಡಿತೋ ಅದೇ ಫಲಿತಾಂಶ. ಮುಕ್ಕಾಲು ಗಂಟೆಯ ಕೆಲಸ, ಖರ್ಚೂ ಕಡಿಮೆ.

ಆದರೆ ಗುಂಪುಗಟ್ಟಿಸಲು ವೈರಸ್ ಸಕ್ರಿಯವಾಗಿರಬೇಕಿಲ್ಲ, ಹೊರಮೈಯ ಪ್ರೋಟೀನ್ ಕೆಡದಿದ್ದರೆ ಸಾಕು. ಜೊತೆಗೆ ಒಂದು ಗುಳಿಯಲ್ಲಿ ಫಲಿತಾಂಶ ಕಾಣಬೇಕಾದರೆ ಹತ್ತು ಲಕ್ಷದಿಂದ ಒಂದು ಕೋಟಿಯಷ್ಟು ವೈರಸ್ ಕಣಗಳು ಬೇಕು. ಸತ್ತ ಕೋಳಿಯ ಗಂಟಲ ದ್ರವದಲ್ಲಿ ನೇರವಾಗಿ ಇಷ್ಟು ಸಿಗುವುದು ಕಷ್ಟ. ಇದನ್ನು ಸೋಂಕಿನ ಅಳತೆಗೋಲಾಗಿ ಬಳಸುವುದಕ್ಕಿಂತ, ಬೆಳೆಸಿದ ಮೇಲೆ ವೈರಸ್ ಬೆಳೆದಿದೆಯೇ ಎಂದು ನೋಡಲು ಬಳಸುವುದೇ ಹೆಚ್ಚು.

ಮೊಟ್ಟೆಯೊಳಗೆ ನಡೆಯುವ ಲೆಕ್ಕ

ಸೋಂಕುಕಾರಕ ಶಕ್ತಿಯನ್ನು ಅಳೆಯುವ ಹಳೆಯ, ಇಂದಿಗೂ ಗೌರವ ಕಳೆದುಕೊಳ್ಳದ ವಿಧಾನ ಮೊಟ್ಟೆಯದು. ಮನುಷ್ಯರ ಫ್ಲೂ ವೈರಸ್ಸನ್ನು 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಅವರು ಫೆರೆಟ್ ಎಂಬ ಪ್ರಾಣಿಗಳಲ್ಲಿ ಬೆಳೆಸಿ ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್ ಅದನ್ನು ಕಾವು ಕೊಟ್ಟ ಕೋಳಿಮೊಟ್ಟೆಯಲ್ಲಿ ಬೆಳೆಸುವ ದಾರಿಯನ್ನು ಗಟ್ಟಿ ಮಾಡಿದರು.

ಕ್ರಮ ಹೀಗಿದೆ. ರೋಗಮುಕ್ತ ಹಿಂಡಿನ, 9ರಿಂದ 11 ದಿನ ಕಾವು ಪಡೆದ ಮೊಟ್ಟೆಗಳನ್ನು ತೆಗೆದುಕೊಳ್ಳುತ್ತಾರೆ. ಕತ್ತಲೆಯಲ್ಲಿ ದೀಪಕ್ಕೆ ಹಿಡಿದು ಭ್ರೂಣ ಜೀವಂತವಿದೆ ಎಂದು ಖಚಿತಪಡಿಸಿಕೊಂಡು, ಚಿಪ್ಪಿನಲ್ಲಿ ಸಣ್ಣ ತೂತು ಮಾಡಿ, ಭ್ರೂಣದ ಸುತ್ತ ಇರುವ ಅಲಾಂಟೊಯಿಸ್ ಎಂಬ ದ್ರವದ ಚೀಲಕ್ಕೆ ಮಾದರಿ ಚುಚ್ಚುತ್ತಾರೆ. ತೂತು ಮುಚ್ಚಿ ಮತ್ತೆ ಕಾವಿಗಿಡುತ್ತಾರೆ. ಕೋಳಿಗೆ ಮಾರಕವಾದ ಎಚ್5ಎನ್1 ಆದರೆ ಭ್ರೂಣ ಒಂದೆರಡು ದಿನದಲ್ಲೇ ಸಾಯುತ್ತದೆ. ಸೌಮ್ಯ ತಳಿಗಳಾದರೆ ಭ್ರೂಣ ಬದುಕಿಯೇ ಇರಬಹುದು, ಆದರೂ ವೈರಸ್ ಬೆಳೆದಿರಬಹುದು. ಅದಕ್ಕೇ ಕೊನೆಯಲ್ಲಿ ದ್ರವ ತೆಗೆದು ರಕ್ತಕಣದ ಪರೀಕ್ಷೆ ಮಾಡುತ್ತಾರೆ. ಅಲ್ಲೂ ಒಂದು ಎಚ್ಚರ ಬೇಕು: ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗದ ವೈರಸ್ ಕೂಡ ರಕ್ತಕಣಗಳನ್ನು ಗುಂಪುಗಟ್ಟಿಸುತ್ತದೆ. ಎಚ್5ರ ವಿರುದ್ಧ ತಯಾರಾದ ರಕ್ತಸಾರ ಹಾಕಿ, ಗುಂಪುಗಟ್ಟುವುದು ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಯಾವ ರೋಗ ಎಂದು ಹೇಳಲು ಸಾಧ್ಯ.

ಪ್ರಮಾಣ ತಿಳಿಯಲು ಮಾದರಿಯನ್ನು ಹತ್ತು, ನೂರು, ಸಾವಿರ ಪಟ್ಟು ಹೀಗೆ ತೆಳುಗೊಳಿಸುತ್ತ, ಪ್ರತಿ ಹಂತದಲ್ಲೂ ಐದಾರು ಮೊಟ್ಟೆಗಳಿಗೆ ಚುಚ್ಚುತ್ತಾರೆ. ಗಟ್ಟಿ ಹಂತಗಳಲ್ಲಿ ಎಲ್ಲ ಮೊಟ್ಟೆಗಳಿಗೂ ಸೋಂಕು ತಗಲುತ್ತದೆ, ತೀರ ತೆಳುವಾದ ಹಂತದಲ್ಲಿ ಯಾವುದಕ್ಕೂ ಇಲ್ಲ. ನಡುವೆ ಎಲ್ಲೋ ಅರ್ಧದಷ್ಟು ಮೊಟ್ಟೆಗಳಿಗೆ ಮಾತ್ರ ತಗಲುವ ಬಿಂದು ಇರುತ್ತದೆ. ಅಲ್ಲಿ ಚುಚ್ಚಿದ ಪ್ರಮಾಣವೇ ಇಐಡಿ50, ಅಂದರೆ ನೂರಕ್ಕೆ ಐವತ್ತು ಮೊಟ್ಟೆಗಳನ್ನು ಸೋಂಕಿಸುವ ಪ್ರಮಾಣ. ಹತ್ತು ಲಕ್ಷ ಪಟ್ಟು ತೆಳುಗೊಳಿಸಿದ ಹಂತದಲ್ಲಿ 0.1 ಮಿಲಿಲೀಟರ್ ಚುಚ್ಚಿದಾಗ ಅರ್ಧ ಮೊಟ್ಟೆಗಳಿಗೆ ಸೋಂಕು ತಗಲಿತು ಎನ್ನಿ. ಆಗ ಮೂಲ ಮಾದರಿಯ ಒಂದು ಮಿಲಿಲೀಟರಿನಲ್ಲಿ 1 ಕೋಟಿ ಇಐಡಿ50 ಇದೆ ಎಂದಾಯಿತು. ಆ ಬಿಂದು ಎರಡು ಹಂತಗಳ ನಡುವೆ ಬಿದ್ದರೆ ಅಂದಾಜಿಸಲು 1938ರಲ್ಲಿ ರೀಡ್ ಮತ್ತು ಮ್ಯೂಂಚ್ ಎಂಬುವರು ಕೊಟ್ಟ ಲೆಕ್ಕದ ವಿಧಾನವನ್ನು ಈಗಲೂ ಬಳಸುತ್ತಾರೆ.

ಮೊಟ್ಟೆಯ ದೊಡ್ಡ ಗುಣ ಅದರ ಸೂಕ್ಷ್ಮತೆ. ಮೊದಲ ಸುತ್ತಿನಲ್ಲಿ ಏನೂ ಕಾಣದಿದ್ದರೂ ಅದೇ ದ್ರವವನ್ನು ಹೊಸ ಮೊಟ್ಟೆಗಳಿಗೆ ಚುಚ್ಚಿ ಎರಡನೇ ಸುತ್ತು ಬೆಳೆಸಿದರೆ, ಅತ್ಯಲ್ಪ ಪ್ರಮಾಣದಲ್ಲಿದ್ದ ಸಕ್ರಿಯ ವೈರಸ್ ಕೂಡ ತಲೆಯೆತ್ತುತ್ತದೆ. ಸಮಯ ಮಾತ್ರ ಹಿಡಿಯುತ್ತದೆ. ಪಾಸಿಟಿವ್ ಉತ್ತರ ಎರಡು ಮೂರು ದಿನದಲ್ಲಿ ಬರಬಹುದು. ‘ಇಲ್ಲ’ ಎಂದು ಧೈರ್ಯವಾಗಿ ಹೇಳಲು ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು.

ಕೋಶಗಳ ಹಾಸಿನ ಮೇಲೆ ಬೀಳುವ ತೂತುಗಳು

ಇನ್ನೊಂದು ದಾರಿ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳು. ಫ್ಲೂ ವೈರಸ್‌ಗೆ ಹೆಚ್ಚು ಬಳಕೆಯಲ್ಲಿರುವುದು ಎಂಡಿಸಿಕೆ ಎಂಬ ಕೋಶಗಳು. 1958ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಎಂಬ ವಿಜ್ಞಾನಿಗಳು ಕಾಕರ್ ಸ್ಪ್ಯಾನಿಯಲ್ ನಾಯಿಯೊಂದರ ಮೂತ್ರಪಿಂಡದಿಂದ ಪಡೆದ ಕೋಶಗಳ ಸಂತತಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಮೊಟ್ಟೆಯ ಬದಲು ಇವುಗಳ ಗುಳಿಗಳಿಗೆ ತೆಳುಗೊಳಿಸಿದ ಮಾದರಿ ಹಾಕಿ, ಅರ್ಧ ಗುಳಿಗಳಲ್ಲಿ ಕೋಶ ಸಾಯುವ ಪ್ರಮಾಣ ಕಂಡುಕೊಂಡರೆ ಅದು ಟಿಸಿಐಡಿ50.

ಇದಕ್ಕಿಂತ ಕಣ್ಣಿಗೆ ಕಟ್ಟುವ ವಿಧಾನ ಪ್ಲಾಕ್ ಎಣಿಕೆ. ಪ್ರಾಣಿಗಳ ವೈರಸ್‌ಗಳಿಗೆ ಇದನ್ನು 1952ರಲ್ಲಿ ರೆನಾಟೊ ಡುಲ್ಬೆಕೊ ತೋರಿಸಿಕೊಟ್ಟರು. ತಟ್ಟೆಯ ತಳದಲ್ಲಿ ಕೋಶಗಳು ಒಂದೇ ಪದರವಾಗಿ ಹಾಸಿಕೊಂಡಿರುತ್ತವೆ. ಮಾದರಿ ಹಾಕಿ ಒಂದು ಗಂಟೆ ಬಿಟ್ಟು, ಮೇಲೆ ಅಗಾರ್ ಎಂಬ ಜೆಲ್ಲಿಯಂಥ ವಸ್ತುವಿನ ಪದರ ಸುರಿಯುತ್ತಾರೆ. ಈ ಪದರವೇ ಇಡೀ ಉಪಾಯದ ಜೀವಾಳ. ಅದು ಇಲ್ಲದಿದ್ದರೆ ಹೊಸ ವೈರಸ್‌ಗಳು ದ್ರವದಲ್ಲಿ ತೇಲಿ ಎಲ್ಲೆಡೆ ಹರಡಿಬಿಡುತ್ತವೆ. ಅದು ಇರುವುದರಿಂದ ಪಕ್ಕದ ಕೋಶಕ್ಕೆ ಮಾತ್ರ ದಾಟುತ್ತವೆ. ಒಂದು ಸಕ್ರಿಯ ಕಣ ಬಿದ್ದ ಜಾಗದ ಸುತ್ತ ಎರಡು ಮೂರು ದಿನದಲ್ಲಿ ಸತ್ತ ಕೋಶಗಳ ದುಂಡನೆ ಜಾಗವೊಂದು ಮೂಡುತ್ತದೆ, ಅದೇ ಪ್ಲಾಕ್. ನೇರಳೆ ಬಣ್ಣ ಹಾಕಿದಾಗ ಬದುಕಿದ ಕೋಶಗಳು ಬಣ್ಣ ಹಿಡಿದು, ಸತ್ತ ಜಾಗ ಬಿಳಿ ತೂತಾಗಿ ಕಾಣುತ್ತದೆ. ಒಂದು ಲಕ್ಷ ಪಟ್ಟು ತೆಳುಗೊಳಿಸಿದ 0.1 ಮಿಲಿಲೀಟರ್ ಮಾದರಿಯಿಂದ 40 ತೂತು ಬಂದರೆ, ಮೂಲ ಮಾದರಿಯ ಒಂದು ಮಿಲಿಲೀಟರಿನಲ್ಲಿ 4 ಕೋಟಿ ಪ್ಲಾಕ್ ಘಟಕಗಳಿವೆ. ತೂತು ಬೀಳುವವರೆಗೆ ಕಾಯದೆ, ಮರುದಿನವೇ ವೈರಸ್‌ನ ಪ್ರೋಟೀನಿಗೆ ಅಂಟುವ ಬಣ್ಣದ ಪ್ರತಿಕಾಯ ಹಾಕಿ ಸೋಂಕಿತ ಕೋಶಗಳ ಗುಂಪು ಎಣಿಸುವ ವಿಧಾನವೂ ಇದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಹಕ್ಕಿಜ್ವರ ಏಕೆ ಅಷ್ಟು ಮಾರಕ ಎಂಬುದನ್ನೂ ಅದು ಬಿಚ್ಚಿಡುತ್ತದೆ. ವೈರಸ್‌ನ ಹಿಮಾಗ್ಲುಟಿನಿನ್ ಪ್ರೋಟೀನ್ ಎರಡಾಗಿ ಕತ್ತರಿಸಿಕೊಂಡರೆ ಮಾತ್ರ ವೈರಸ್ ಮುಂದಿನ ಕೋಶದೊಳಗೆ ತೆರೆದುಕೊಳ್ಳಬಲ್ಲದು. ಸಾಮಾನ್ಯ ಫ್ಲೂ ತಳಿಗಳಿಗೆ ಈ ಕತ್ತರಿ ಉಸಿರಾಟದ ನಾಳದಲ್ಲಿ, ಹಕ್ಕಿಗಳಾದರೆ ಕರುಳಿನಲ್ಲೂ ಸಿಗುತ್ತದೆ. ತಟ್ಟೆಯ ಕೋಶಗಳಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಟ್ರಿಪ್ಸಿನ್ ಎಂಬ ಕಿಣ್ವವನ್ನು ಹೊರಗಿನಿಂದ ಸೇರಿಸಬೇಕು. ಸೇರಿಸುವುದು ಮರೆತರೆ ಸಕ್ರಿಯ ವೈರಸ್ ಇದ್ದರೂ ತೂತು ಬೀಳದು, ವರದಿ ಸುಳ್ಳಾಗುತ್ತದೆ. ಮಾರಕ ಎಚ್5ಎನ್1 ತಳಿಗಳ ಪ್ರೋಟೀನಿನಲ್ಲಿ ಕತ್ತರಿಸುವ ಜಾಗದ ರಚನೆಯೇ ಬೇರೆ. ದೇಹದ ಬಹುತೇಕ ಎಲ್ಲ ಕೋಶಗಳಲ್ಲಿರುವ ಫ್ಯೂರಿನ್ ಎಂಬ ಕಿಣ್ವವೇ ಅದನ್ನು ಕತ್ತರಿಸುತ್ತದೆ. ಆದ್ದರಿಂದ ಅವು ಟ್ರಿಪ್ಸಿನ್ ಇಲ್ಲದೆಯೂ ತೂತು ಬೀಳಿಸುತ್ತವೆ. ಕೋಳಿಯ ದೇಹದಲ್ಲೂ ಅದೇ ಕಾರಣಕ್ಕೆ ಶ್ವಾಸಕೋಶ ದಾಟಿ ಮಿದುಳು, ಹೃದಯ, ಯಕೃತ್ತಿಗೆಲ್ಲ ಹಬ್ಬುತ್ತವೆ.

ಒಂದೇ ಮಾದರಿ, ನಾಲ್ಕು ಅಂಕಿ

ಒಂದೇ ಶೀಶೆಯನ್ನು ಈ ನಾಲ್ಕೂ ವಿಧಾನಗಳಿಗೆ ಕೊಟ್ಟರೆ ನಾಲ್ಕು ಅಂಕಿ ಬರುತ್ತವೆ. ಯಾರೂ ತಪ್ಪು ಮಾಡಿಲ್ಲ. ಪಿಸಿಆರ್ ಎಣಿಸುವ ಆರ್‌ಎನ್‌ಎ ಪ್ರತಿಗಳು ಹೆಚ್ಚು, ಪ್ಲಾಕ್ ಎಣಿಕೆ ಕಡಿಮೆ. ಫ್ಲೂ ವೈರಸ್‌ನಲ್ಲಿ ಹತ್ತರಿಂದ ನೂರು ಕಣಗಳಿಗೆ ಒಂದು ಮಾತ್ರ ತೂತು ಬೀಳಿಸುವುದು ಸಾಮಾನ್ಯ, ಕೆಲವೊಮ್ಮೆ ಇನ್ನೂ ಕಡಿಮೆ. ಎಂಟು ತುಂಡುಗಳಲ್ಲಿ ಒಂದು ಕೆಟ್ಟಿದ್ದರೂ ಆ ಕಣ ಒಂಟಿಯಾಗಿ ಸೋಂಕು ಪೂರ್ಣಗೊಳಿಸಲಾರದು. ಅಂಥ ಅರೆಬರೆ ಕಣಗಳೆರಡು ಒಂದೇ ಕೋಶಕ್ಕೆ ನುಗ್ಗಿದರೆ ಮಾತ್ರ ಒಂದರ ಕೊರತೆಯನ್ನು ಇನ್ನೊಂದು ತುಂಬಿ ವೈರಸ್ ಬೆಳೆಯಬಲ್ಲದು.

ಇದಕ್ಕಿಂತ ಮುಖ್ಯವಾದುದು, ಮೊಟ್ಟೆಯಲ್ಲಿ ಅಳೆದದ್ದು ಮೊಟ್ಟೆಗೆ ಮಾತ್ರ ಸತ್ಯ. ಹಕ್ಕಿಯ ತಳಿಗಳು ಜೀವಕೋಶದ ಮೇಲಿನ ಒಂದು ಬಗೆಯ ಸಕ್ಕರೆಯ ಕೊಂಡಿಗೆ ಅಂಟುತ್ತವೆ, ಮನುಷ್ಯರ ತಳಿಗಳು ಇನ್ನೊಂದು ಬಗೆಯದಕ್ಕೆ. ಮೊಟ್ಟೆಯ ಅಲಾಂಟೊಯಿಸ್‌ನಲ್ಲಿ ಇರುವುದು ಹಕ್ಕಿ ತಳಿಗಳಿಗೆ ಒಗ್ಗುವ ಕೊಂಡಿ. ಆದ್ದರಿಂದ ಎಚ್5ಎನ್1 ಅಲ್ಲಿ ಸೊಂಪಾಗಿ ಬೆಳೆಯುತ್ತದೆ. ನಮ್ಮಲ್ಲಿ ಜ್ವರ–ಕೆಮ್ಮು ತರುವ ಈಚಿನ ಎಚ್3ಎನ್2 ತಳಿಗಳು ಅಲ್ಲಿ ತಿಣುಕುತ್ತವೆ. ‘ಒಂದು ಮಿಲಿಲೀಟರಿನಲ್ಲಿ ಕೋಟಿ ಘಟಕ’ ಎಂಬ ಅಂಕಿಯನ್ನು ಹಿಡಿದು ಕೋಟಿ ಜನರಿಗೆ ಸೋಂಕು ಎಂದು ಲೆಕ್ಕ ಹಾಕುವುದು ಪೂರಾ ತಪ್ಪು. ರೋಗದ ತೀವ್ರತೆಯೂ ಈ ಅಂಕಿಯಲ್ಲಿಲ್ಲ. ಕೋಳಿಗೆ ತಳಿ ಎಷ್ಟು ಮಾರಕ ಎಂಬುದನ್ನು ಆರು ವಾರದ ಕೋಳಿಗಳಿಗೆ ಚುಚ್ಚಿ 0ಯಿಂದ 3ರ ಸೂಚ್ಯಂಕದಲ್ಲಿ ಅಳೆಯುತ್ತಾರೆ, 1.2 ದಾಟಿದರೆ ಅದು ಅತಿ ಮಾರಕ ತಳಿ. ಈಗ ಕತ್ತರಿಸುವ ಜಾಗದ ಆನುವಂಶಿಕ ಅಕ್ಷರಗಳನ್ನು ಓದಿಯೇ ಇದನ್ನು ಹೇಳಬಹುದು.

ಕೊಲ್ಲಲು ಪಿಸಿಆರ್ ಸಾಕೇ?

ಇಲ್ಲೇ ವಾದ ಬಿಸಿಯೇರುವುದು. ಫಾರಂ ಮಾಲೀಕರ ಕಡೆಯ ಮಾತು ಹೀಗಿದೆ: ಪಿಸಿಆರ್ ನಿಷ್ಕ್ರಿಯ ವೈರಸ್ಸನ್ನೂ ಹಿಡಿಯುತ್ತದೆ ಎಂದು ವಿಜ್ಞಾನಿಗಳೇ ಹೇಳುವಾಗ, ಒಂದು ಕಿಲೋಮೀಟರ್ ಸುತ್ತಲಿನ ಆರೋಗ್ಯವಂತ ಕೋಳಿಗಳನ್ನೂ ಕೊಲ್ಲುವುದು ಯಾವ ನ್ಯಾಯ? ಪಶುಸಂಗೋಪನಾ ಇಲಾಖೆಯ ಕಡೆಯ ಉತ್ತರ: ಮೊಟ್ಟೆಯ ಫಲಿತಾಂಶಕ್ಕೆ ಕಾದರೆ ಅಷ್ಟರಲ್ಲಿ ರೋಗ ಪಕ್ಕದ ತಾಲ್ಲೂಕಿಗೆ ದಾಟಿರುತ್ತದೆ.

ಈ ವಾದದಲ್ಲಿ ಇಲಾಖೆಯ ನಿಲುವೇ ಸರಿ. ಶೆಡ್ಡಿನಲ್ಲಿ ಕೋಳಿಗಳು ರಾಶಿ ರಾಶಿ ಸಾಯುತ್ತಿರುವಾಗ, ಅವುಗಳ ಗಂಟಲಲ್ಲಿ ಎಚ್5 ಆರ್‌ಎನ್‌ಎ ಧಾರಾಳವಾಗಿ ಸಿಕ್ಕಿದರೆ, ಅದು ಹಳೆಯ ನಿಷ್ಕ್ರಿಯ ಅವಶೇಷ ಎನ್ನಲು ದಾರಿಯೇ ಇಲ್ಲ. ಸಾವು ತಾನೇ ವೈರಸ್ ಸಕ್ರಿಯವಾಗಿದೆ ಎಂಬುದಕ್ಕೆ ಪುರಾವೆ. ಸೋಂಕು ತಗಲಿದ ಹಕ್ಕಿಯ ಹಿಕ್ಕೆಯಲ್ಲಿ ಎಚ್5ಎನ್1 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 35 ದಿನ, 37 ಡಿಗ್ರಿಯಲ್ಲಿ 6 ದಿನ ಸೋಂಕುಕಾರಕವಾಗಿ ಉಳಿದದ್ದು ದಾಖಲಾಗಿದೆ. ಅಂಥ ಗೊಬ್ಬರ ಲಾರಿಯ ಚಕ್ರಕ್ಕೆ, ಚಪ್ಪಲಿಗೆ ಅಂಟಿ ಹೊರಟರೆ ನಮ್ಮ ಬಿಸಿಲಲ್ಲೂ ಕೆಲವು ದಿನ ಬದುಕುತ್ತದೆ ಎಂದರ್ಥ. ಕಾಯುವುದರ ಬೆಲೆ ಕೊಲ್ಲುವುದರ ಬೆಲೆಗಿಂತ ಹೆಚ್ಚು.

ಆದರೆ ಫಾರಂ ಮಾಲೀಕರ ಪ್ರಶ್ನೆ ಪೂರ್ತಿ ಹುರುಳಿಲ್ಲದ್ದಲ್ಲ. ಪರಿಹಾರ ಸಿಗುವುದು ಸರ್ಕಾರ ಕೊಂದ ಹಕ್ಕಿಗಳಿಗೆ, ರೋಗದಿಂದ ಮೊದಲೇ ಸತ್ತವಕ್ಕಲ್ಲ. ಬೇಗ ತಿಳಿಸಿದವನಿಗೆ ಅನುಕೂಲವಾಗಲಿ ಎಂಬುದು ಇದರ ಆಶಯ. ಹಾಗಿರುವಾಗ ಬೇಗ ತಿಳಿಸಿದವನಿಗೆ ತನ್ನ ಶೆಡ್ಡಿನ ಮೇಲೆ ಯಾವ ಪರೀಕ್ಷೆಯ ಆಧಾರದಲ್ಲಿ ತೀರ್ಮಾನವಾಯಿತು ಎಂದು ಬರಹದಲ್ಲಿ ತಿಳಿಯುವ ಹಕ್ಕೂ ಇರಬೇಕು.

ಚಿತ್ರ ಬದಲಾಗುವುದು ದುರ್ಬಲ ಪಾಸಿಟಿವ್‌ಗಳಲ್ಲಿ. ಕೊಂಡಜ್ಜಿ ಕೆರೆಯಲ್ಲೋ ಸೂಳೆಕೆರೆಯ ದಡದಲ್ಲೋ ಎಂದೋ ಸತ್ತು ಒಣಗಿದ ಹಕ್ಕಿಯ ರೆಕ್ಕೆಯಿಂದ, ಅಥವಾ ಸೋಂಕು ನಿವಾರಕ ಸಿಂಪಡಿಸಿ ತಿಂಗಳು ಕಳೆದ ಶೆಡ್ಡಿನ ನೆಲದಿಂದ ಸಿಟಿ 36ರ ಮಾದರಿ ಬಂದರೆ ಪಿಸಿಆರ್ ಒಂದನ್ನೇ ನಂಬಿ ಹೆಜ್ಜೆ ಇಡಲಾಗದು. ಸಿಟಿ ಮೌಲ್ಯವನ್ನೇ ಸೋಂಕುಕಾರಕ ಶಕ್ತಿಯ ಅಂದಾಜಾಗಿ ಬಳಸೋಣ ಎನ್ನುವ ತಜ್ಞರಿದ್ದಾರೆ. ರೋಗದ ಆರಂಭದಲ್ಲಿ, ತಾಜಾ ಮಾದರಿಗಳಲ್ಲಿ ಅದು ಒಂದು ಮಟ್ಟಿಗೆ ಸರಿ. ಎರಡೂ ಒಟ್ಟಿಗೆ ಏರುತ್ತವೆ. ಕಾಲ ಕಳೆದಂತೆ, ಬಿಸಿ ಅಥವಾ ರಾಸಾಯನಿಕ ತಾಗಿದ ಮೇಲೆ, ಸೋಂಕುಕಾರಕ ಶಕ್ತಿ ಸರ್ರನೆ ಇಳಿದು ಆರ್‌ಎನ್‌ಎ ಹಾಗೇ ಉಳಿಯುತ್ತದೆ. ಶೆಡ್ಡನ್ನು ಮತ್ತೆ ತುಂಬಬಹುದೇ ಎಂಬ ಪ್ರಶ್ನೆಗೆ ಮೊಟ್ಟೆಯ ಪರೀಕ್ಷೆಯೇ ನೇರ ಉತ್ತರ.

ಹಾಲಿನ ವಿಷಯ ತೀರ್ಮಾನವಾದದ್ದು ಹೇಗೆ

ಅಮೆರಿಕದ ಹಾಲಿನ ಸುದ್ದಿಯನ್ನು ಈಗ ಬಿಡಿಸಿ ಓದಬಹುದು. 297 ಹಾಲಿನ ಪದಾರ್ಥಗಳ ಮಾದರಿಗಳಲ್ಲಿ 60ರಲ್ಲಿ ಪಿಸಿಆರ್ ಪಾಸಿಟಿವ್ ಬಂತು. ಅವನ್ನು ಮೊಟ್ಟೆಗೆ ಚುಚ್ಚಿದಾಗ ಒಂದರಲ್ಲೂ ವೈರಸ್ ಬೆಳೆಯಲಿಲ್ಲ. ಅಂದರೆ ಕೊಟ್ಟಿಗೆಯಿಂದ ವೈರಸ್ ಬಂದಿತ್ತು, ಪಾಶ್ಚರೀಕರಣ ಅದನ್ನು ನಿಷ್ಕ್ರಿಯಗೊಳಿಸಿತು, ಅವಶೇಷ ಉಳಿಯಿತು. ಎರಡೂ ಹೇಳಿಕೆ ನಿಜ. ಇದೇ ವೈರಸ್ ಇದ್ದ ಹಸಿ ಹಾಲು ಕುಡಿಸಿದ ಇಲಿಗಳಿಗೆ ವಿಸ್ಕಾನ್ಸಿನ್‌ನ ಪ್ರಯೋಗದಲ್ಲಿ ಸೋಂಕು ತಗಲಿತು; ಶೀತದಲ್ಲಿಟ್ಟ ಹಸಿ ಹಾಲಿನಲ್ಲಿ ವೈರಸ್ ವಾರಗಟ್ಟಲೆ ಸಕ್ರಿಯವಾಗಿತ್ತು. 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದಾಗ ಉಳಿಯಲಿಲ್ಲ.

ಅಮೆರಿಕದಲ್ಲಿ ಕಂಡಂಥ ಹರಡುವಿಕೆ ನಮ್ಮ ಹಸುಗಳಲ್ಲಿ ವರದಿಯಾಗಿಲ್ಲ. ಆದರೂ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗೆ ಒಂದೇ ಹಾಲು ಒಕ್ಕೂಟವಿದ್ದು ಪ್ಯಾಕೆಟ್ ಹಾಲು ಪಾಶ್ಚರೀಕರಿಸಿಯೇ ಬರುತ್ತದೆ, ಮನೆಯಲ್ಲಿ ಮತ್ತೆ ಕುದಿಸುವ ರೂಢಿಯೂ ಇದೆ ಎಂಬುದು ಸಮಾಧಾನದ ಸಂಗತಿ. ಕೋಳಿಯೂ ಅಷ್ಟೇ: ಒಳಗಿನವರೆಗೆ 70 ಡಿಗ್ರಿ ತಲುಪಿದ ಮಾಂಸದಲ್ಲಿ ವೈರಸ್ ಸಕ್ರಿಯವಾಗಿ ಉಳಿಯದು. ಸಾರಿನಲ್ಲಿ ಕುದಿಯುವ ಕೋಳಿ ಅದನ್ನು ದಾಟಿಯೇ ಇರುತ್ತದೆ. ಅಪಾಯ ಇರುವುದು ಅಡುಗೆಗೂ ಮುಂಚೆ, ಕಾಯಿಲೆ ಬಿದ್ದ ಹಕ್ಕಿಯನ್ನು ಹಿಡಿಯುವ, ಕೊಯ್ಯುವ, ರೆಕ್ಕೆ ಕೀಳುವ ಕೈಗಳಿಗೆ. ತಿನ್ನುವವರನ್ನು ಹೆದರಿಸಿ ಕೊಯ್ಯುವವರನ್ನು ಮರೆಯುವ ಸುದ್ದಿ ಎರಡೂ ಕಡೆ ಕೆಡುಕು ಮಾಡುತ್ತದೆ.

ದಾವಣಗೆರೆಯಿಂದ ಭೋಪಾಲ್‌ವರೆಗೆ

ಕೋವಿಡ್ ನಂತರ ಪಿಸಿಆರ್ ಜಿಲ್ಲೆ ಜಿಲ್ಲೆಗೂ ಬಂದಿದೆ. ಸೋಂಕುಕಾರಕ ಶಕ್ತಿ ಅಳೆಯುವುದು ಹಾಗೆ ಹಂಚಬಹುದಾದ ಕೆಲಸವಲ್ಲ. ಮಾರಕ ಹಕ್ಕಿಜ್ವರದ ವೈರಸ್ಸನ್ನು ಬೆಳೆಸುವುದೆಂದರೆ ಅದನ್ನು ಕೋಟಿ ಪಟ್ಟು ಹೆಚ್ಚಿಸುವುದು. ಗಾಳಿಯೂ ಸೋಸಿ ಹೊರಹೋಗುವ ಉನ್ನತ ಜೈವಿಕ ಸುರಕ್ಷತೆಯ ಕಟ್ಟಡ ಬೇಕು. ಹಕ್ಕಿಗಳ ಮಾದರಿಗೆ ದೇಶದ ಅಂತಿಮ ಮಾತು ಭೋಪಾಲ್‌ನ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿ ರೋಗಗಳ ಸಂಸ್ಥೆಯದು, ಮನುಷ್ಯರ ಮಾದರಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯದು.

ಈ ದೂರವೇ ಫಲಿತಾಂಶವನ್ನು ಬದಲಿಸಬಲ್ಲದು. ಮಾದರಿಯನ್ನು 2ರಿಂದ 8 ಡಿಗ್ರಿಯಲ್ಲಿಟ್ಟು ಎರಡು ಮೂರು ದಿನದೊಳಗೆ ತಲುಪಿಸಬೇಕು, ತಡವಾಗುವುದಾದರೆ ಮೈನಸ್ 70 ಡಿಗ್ರಿಯಲ್ಲಿಡಬೇಕು. ಮನೆಯ ಫ್ರೀಜರಿನಂಥ ಮೈನಸ್ 20ರಲ್ಲಿ ಇಟ್ಟು, ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಸೋಂಕುಕಾರಕ ಶಕ್ತಿ ಪ್ರತಿ ಬಾರಿಯೂ ಕುಗ್ಗುತ್ತದೆ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಐಸ್ ಕರಗಿದ ಡಬ್ಬಿಯೊಂದು ತಲುಪಿದರೆ ಪಿಸಿಆರ್ ಪಾಸಿಟಿವ್, ಮೊಟ್ಟೆ ನೆಗೆಟಿವ್ ಬರುತ್ತದೆ. ಅದನ್ನು ‘ಹಳ್ಳಿಯಲ್ಲಿ ಸಕ್ರಿಯ ವೈರಸ್ ಇರಲಿಲ್ಲ’ ಎಂದು ಓದಿದರೆ ದೊಡ್ಡ ತಪ್ಪಾಗುತ್ತದೆ. ವೈರಸ್ ಶಕ್ತಿ ಕಳೆದುಕೊಂಡದ್ದು ದಾರಿಯಲ್ಲಿ. ಇದಕ್ಕೆ ಸೇರಿಕೊಂಡ ಇನ್ನೊಂದು ತೊಡಕು, ಪಿಸಿಆರ್‌ಗೆಂದು ಬಳಸುವ ಕೆಲವು ದ್ರವಗಳು ವೈರಸ್ಸನ್ನು ಅಲ್ಲೇ ಒಡೆದುಹಾಕುತ್ತವೆ. ಸಾಗಿಸುವವರಿಗೆ ಅದು ಸುರಕ್ಷಿತ, ಆದರೆ ಆ ಶೀಶೆಯಿಂದ ಮುಂದೆ ಏನನ್ನೂ ಬೆಳೆಸಲಾಗದು.

ಇದಕ್ಕೆ ದಾರಿ ಕಷ್ಟದ್ದಲ್ಲ. ಅನುಮಾನಾಸ್ಪದ ಸಾವು ಕಂಡ ಶೆಡ್ಡಿನಿಂದ ಎರಡು ಶೀಶೆ ತೆಗೆಯಬೇಕು: ಒಡೆಯುವ ದ್ರವದಲ್ಲಿ ಒಂದು, ವೈರಸ್ ಉಳಿಸುವ ಸಾಗಣೆ ದ್ರವದಲ್ಲಿ ಇನ್ನೊಂದು, ಮೂರು ಪದರದ ಪ್ಯಾಕಿಂಗ್‌ನಲ್ಲಿ, ಡಬ್ಬಿಯೊಳಗೆ ಉಷ್ಣತೆ ದಾಖಲಿಸುವ ಪುಟ್ಟ ಸಾಧನದ ಜೊತೆ. ಮೊದಲನೆಯದರಿಂದ ಕೊಲ್ಲುವ ತೀರ್ಮಾನ ಗಂಟೆಗಳಲ್ಲಿ ಆಗುತ್ತದೆ. ಎರಡನೆಯದರಿಂದ ತಳಿ ಬೆಳೆಸಿ, ಅದು ಎಲ್ಲಿಂದ ಬಂತು, ಮನುಷ್ಯರ ಕೋಶಗಳಿಗೆ ಒಗ್ಗುತ್ತಿದೆಯೇ ಎಂದು ನೋಡಲು ಸಾಧ್ಯವಾಗುತ್ತದೆ. ಮಾದರಿ ತಲುಪಿದಾಗ ಎಷ್ಟು ಡಿಗ್ರಿಯಲ್ಲಿತ್ತು ಎಂಬುದು ಅಂತಿಮ ವರದಿಯಲ್ಲೇ ಒಂದು ಸಾಲಾಗಿ ಬಂದರೆ, ‘ಬೆಳೆಯಲಿಲ್ಲ’ ಎಂಬ ಉತ್ತರವನ್ನು ಎಷ್ಟು ನಂಬಬೇಕೆಂದು ಹರಿಹರದ, ಹೊಸದುರ್ಗದ ಪಶುವೈದ್ಯರೇ ಅಳೆದುಕೊಳ್ಳಬಹುದು.